ಎಡಕ್ಕೆ ತಿರುಗಿದಾಗ ಕರ್ರ್

ಇದು ಖರೆ ನಡೆದ ಕಥೆ. ಇದರಲ್ಲಿ ಸುಳ್ಳು ಅಂತ ಇದ್ದರೆ ಒಂದೇ ಒಂದು ಸದ್ದು. ಅದನ್ನು ಮೊದಲು ಮಾಡಿದ್ದು ನನ್ನ ಗಂಟಲು.

ನಮ್ಮ ದೊಡ್ಡಪ್ಪನ ಮಗಳು ದ್ರಾಕ್ಷಾಯಣಿ ಅಕ್ಕ ಹಳಿಯಾಳದಲ್ಲಿ ಸ್ವಂತ ಪಿಕಪ್ ಓಡಿಸುತ್ತಾಳೆ. ಜೊಯಿಡಾ ಕಡೆಯ ಹಳ್ಳಿಗಳಿಂದ ಡೈರಿಗೆ ಹಾಲಿನ ಕ್ಯಾನ್ ತರುವ ಕೆಲಸ ಅವಳಿಗೆ ಸಿಗುವುದರಲ್ಲಿತ್ತು. ಆದರೆ ದಾರಿಯಲ್ಲೊಂದು ಹಳ್ಳ. ಹೋದ ವಾರ ಗಾಡಿಯ ಮೂತಿ ಅಲ್ಲಿನ ಕಲ್ಲಿಗೆ ಬಡಿದು, ದಾಟಲಾಗದೆ ವಾಪಸ್ ಬಂದಿದ್ದಳು. "ಗುರುವಾರ ಮುಂಜಾನೆ ದಾಟಿ ತೋರಿಸ್ರಿ, ಇಲ್ಲಾಂದ್ರ ಬ್ಯಾರೆಯವರನ್ನ ನೋಡ್ತೇವಿ," ಎಂದಿದ್ದರು ಡೈರಿಯವರು.

ಬುಧವಾರ ಮೆಕ್ಯಾನಿಕ್ ಲಗಮಪ್ಪ ಮುಂದಿನ ಸ್ಪ್ರಿಂಗುಗಳ ಮೇಲೆ ದಪ್ಪ ಉಂಗುರ ಕೂರಿಸಿ, ಬಗ್ಗಿ ನಿಂತಿದ್ದ ಮೂತಿಯನ್ನು ಹಿಂಭಾಗದ ಸಮಕ್ಕೆ ಎತ್ತಿದ. ನಾಲ್ಕೂ ಕಡೆ ದೊಡ್ಡ ಟಾಯರ್ ಹಾಕಿದ.

"ಹಳೇವು ಪಾಪ, ಟಾಯರ್ಡ್ ಆಗಿದ್ವು," ಎಂದೆ. "ಈಗ ನಿನ್ನ ಲೆವೆಲ್ಲೇ ಬ್ಯಾರೆ ಬಿಡಕ್ಕಾ."

"ಲೋಕ್ಯಾ, ಮುಂದಿನ ಟಾಯರ್ ನಿನ್ನ ಬಾಯಿಗೆ ತುರುಕತೇನಿ ನೋಡು."

ದೊಡ್ಡಪ್ಪ ಬಸಲಿಂಗಯ್ಯ ಪೂಜೆಗೆ ಬಂದರು. ವಿಭೂತಿಯನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ, ಪ್ರತಿ ಟಾಯರಿನ ಅಂಚಿನವರೆಗೂ ಪಟ್ಟೆ ಎಳೆದರು.

"ಸಾಕ್ರೀ ಅಜ್ಜಾರ, ಸುಣ್ಣಾ ಬಳದಂಗ ಆತು," ಎಂದ ಲಗಮಪ್ಪ.

"ಕಾಯಾಂವ ಶಿವ, ನೀನಲ್ಲ ತಮ್ಮಾ," ಎಂದು ದೊಡ್ಡಪ್ಪ ಇನ್ನೊಂದು ಸುತ್ತು ಬಳಿದರು.

ಗಾಡಿ ಹೇಗೆ ಓಡುತ್ತದೆಂದು ನೋಡಲು ನಾನೂ ಅಕ್ಕನೂ ಮೌಳಂಗಿಯವರೆಗೆ ಹೊರಟೆವು. ಕಾಲೇಜಿನ ಪ್ರಿನ್ಸಿಪಾಲರಿಂದ ಹಿಡಿದು ಮನೆಯ ಮಿಕ್ಸರಿನವರೆಗೆ ನಾನು ಅನುಕರಿಸದ ದನಿಯಿಲ್ಲ. ಮೊದಲ ಎಡ ತಿರುವಿನಲ್ಲಿ ಕಿಟಕಿಯತ್ತ ಮುಖ ಮಾಡಿ, ತುಟಿ ಅಲುಗಿಸದೆ, "ಕರ್ರ್ರ್" ಎಂದೆ.

ಅಕ್ಕ ಬ್ರೇಕ್ ಒತ್ತಿದಳು. "ಕೇಳಸ್ತೇನು?"

"ಏನು?"

ಇಳಿದಳು, ಬಗ್ಗಿ ನೋಡಿದಳು, ಏನೂ ಕಾಣದೆ ಹತ್ತಿದಳು. ಎರಡನೇ ತಿರುವಿಗೂ ಕರ್ರ್. ಮೂರನೆಯದಕ್ಕೆ ಅವಳ ಮುಖ ಇಳಿದುಹೋಯಿತು.

"ಟಾಯರ್ ಎಲ್ಲೋ ತಾಗಾಕತ್ತೈತಿ. ನಾಳೆ ಹಳ್ಳದಾಗ ಹರದ್ರ ಏನ್ ಮಾಡ್ಲಿ? ಹೊಳ್ಳಿ ಹಳೇವ್ನ ಹಾಕಸ್ತೇನಿ. ಆ ಕೆಲಸ ನನ್ನ ಹಣೇದಾಗ ಇಲ್ಲ ಬಿಡು."

ಆ ಸದ್ದು ನನ್ನದೇ ಎಂದು ಒಪ್ಪಿಕೊಂಡೆ. ಅವಳು ಕಿವಿ ಹಿಂಡಿದ್ದು ಎಷ್ಟು ಜೋರೆಂದರೆ, ಈ ಸಲದ ಸದ್ದಿಗೆ ಅನುಕರಣೆ ಬೇಕಾಗಲಿಲ್ಲ. "ಇನ್ನೊಮ್ಮೆ ಮಾಡಿದ್ರ ಇಲ್ಲೇ ಇಳಿಸಿ ಹೋಗ್ತೇನಿ!"

ಮೌಳಂಗಿಯಲ್ಲಿ ಬಿಸಿ ಮಿರ್ಚಿ ಭಜಿ ತಗೊಂಡೆವು. ಅಕ್ಕ ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಗಾಡಿ ಹೊರಳಿಸಿದಳು. ಮುಂದಿನ ಗಾಲಿ ತಗ್ಗಿಗೆ ಇಳಿಯಿತು. ಕರ್ರ್ರ್.

"ಲೋಕ್ಯಾ!"

ನಾನು ಬಾಯಿ ತೆರೆದು ತೋರಿಸಿದೆ. ಒಳಗೆ ಇಡೀ ಮಿರ್ಚಿ.

ಇಬ್ಬರೂ ಜಿಗಿದಿಳಿದೆವು. ಮಡ್‌ಗಾರ್ಡಿನ ಒಳಗಿನ ಕರೀ ಪ್ಲಾಸ್ಟಿಕ್ಕಿನ ಮೇಲೆ, ಹಿಂದಿನ ಮೂಲೆಯಲ್ಲಿ, ಎರಡು ಬೆರಳಗಲದ ಬಿಳೀ ಗೆರೆ. ದೊಡ್ಡಪ್ಪನ ವಿಭೂತಿ! ಟಾಯರ್ ಎಲ್ಲಿ ತಾಗಿತ್ತೋ ಅಲ್ಲೇ ಹತ್ತಿತ್ತು.

ಹಳಿಯಾಳಕ್ಕೆ ಮರಳಿದಾಗ ಲಗಮಪ್ಪ ತಲೆ ಕೆರೆದುಕೊಂಡ. "ಸಪಾಟ ನೆಲದಾಗ ತಾಗಲಿಲ್ಲರೀ ಅಕ್ಕಾರ. ತಿರುಗಿಸಿದ ಗಾಲಿ ತಗ್ಗಿಗೆ ಬಿದ್ದಾಗಷ್ಟ ತಾಗತೈತಿ." ಗೆರೆ ಇದ್ದಷ್ಟು ಪ್ಲಾಸ್ಟಿಕ್ ಕತ್ತರಿಸಿದ. ದೊಡ್ಡಪ್ಪ ಮತ್ತೆ ವಿಭೂತಿ ಬಳಿದರು, ಅಕ್ಕ ಮತ್ತೆ ಗಾಲಿ ತಿರುಗಿಸಿ ತಗ್ಗಿಗಿಳಿಸಿದಳು. ಈ ಸಲ ಗೆರೆಯಿಲ್ಲ.

"ಅಜ್ಜಾರ, ಆ ವಿಭೂತಿ ಇಲ್ಲೇ ಇಟ್ಟು ಹೋಗ್ರಿ," ಎಂದ ಲಗಮಪ್ಪ.

ಗುರುವಾರ ಮುಂಜಾನೆ ಡೈರಿಯ ಸೂಪರ್‌ವೈಸರ್ ನಮ್ಮಿಬ್ಬರ ನಡುವೆ ಕುಳಿತಿದ್ದರು. ಪಿಕಪ್ ಹಳ್ಳಕ್ಕಿಳಿಯಿತು. ಹಿಂದೆ ಮೂತಿ ಬಡಿದಿದ್ದ ಕಲ್ಲು ಸದ್ದಿಲ್ಲದೆ ಕೆಳಗೆ ಸರಿದುಹೋಯಿತು. ನಡುವೆ ದೊಡ್ಡ ಬಂಡೆ. ಅಕ್ಕ ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದಳು.

ಕರ್ರ್ರ್ರ್!

ನಾನು ಸೊಂಟದವರೆಗೆ ಕಿಟಕಿಯಿಂದ ಹೊರಗೆ ಜೋತು ಗಾಲಿ ನೋಡಿದೆ. ಅದು ನೀರು ಚಿಮ್ಮಿಸುತ್ತ ಆರಾಮಾಗಿ ಉರುಳುತ್ತಿತ್ತು. ತಿರುಗಿ ನೋಡಿದರೆ ಸೂಪರ್‌ವೈಸರ್ ಗಾಬರಿಯಿಂದ ಅಕ್ಕನ ಬಾಯಿಯನ್ನೇ ನೋಡುತ್ತಿದ್ದಾರೆ.

"ಬಾಯಾಗ ಮಿರ್ಚಿ ಇದ್ದಿಲ್ಲಪಾ ನಂಗ," ಎಂದಳು ಅಕ್ಕ.

ಗಾಡಿ ಆಚೆ ದಡ ಹತ್ತಿತು. "ನಾಳೆಯಿಂದ ಎಷ್ಟೊತ್ತಿಗೆ ಬರ್ತೀರಿ?" ಎಂದು ಸೂಪರ್‌ವೈಸರ್ ಎರಡು ಸಲ ಕೇಳಬೇಕಾಯಿತು. ಅಕ್ಕನ ನಗುವಿನಲ್ಲಿ ಅವರ ಮಾತಿರಲಿ, ಎಂಜಿನ್ನಿನ ಸದ್ದೂ ಕೇಳುತ್ತಿರಲಿಲ್ಲ.