ಬಿಳಿ ಗೋಡೆಗೆ ಬರೆದ ಉತ್ತರ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಈ ಮನೆಯಲ್ಲಿ ಎರಡು ಕಾಲವೂ ಒಟ್ಟಿಗೇ ಬಂದುಬಿಟ್ಟಿದ್ದವು. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಅತ್ತೆ ವಿಶ್ವವಿದ್ಯಾಲಯಕ್ಕೆ ಸೇರಿ ಸಮಕಾಲೀನ ಕಲೆಯ ಇತಿಹಾಸ ಓದುತ್ತಿದ್ದರು. ಜೀವಮಾನವಿಡೀ ಅಂಚೆಚೀಟಿಯ ಚಿತ್ರಗಳಿಗೆ ಮುದ್ರೆ ಹೊಡೆದು ಹಾಳು ಮಾಡಿದ ಪಾಪಕ್ಕೆ ಪ್ರಾಯಶ್ಚಿತ್ತ ಅನ್ನುತ್ತಿದ್ದರು. ಸೊಸೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಅತ್ತೆಯ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಮಗ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಊಟ ಮಾಡಿ ಎದ್ದುಹೋಗುತ್ತಿದ್ದ. ಬುದ್ಧಿವಂತ.

ಅತ್ತೆಯನ್ನು ಕಾಡುತ್ತಿದ್ದುದು ಒಂದೇ ಪರೀಕ್ಷೆ. ಅರೆಗತ್ತಲೆಯ ಕೋಣೆಯಲ್ಲಿ ಗೋಡೆಯ ಮೇಲೆ ಒಂದೊಂದೇ ಚಿತ್ರ ಬೀಳುತ್ತದೆ; ಇದು ಯಾರದು, ಯಾವಾಗಿನದು, ಏನು ಹೇಳುತ್ತದೆ ಅಂತ ಬರೆಯಬೇಕು. ಹೋದ ವರ್ಷ ಅದರಲ್ಲೇ ಡುಮ್ಕಿ ಹೊಡೆದಿದ್ದರು. ಉಳಿದಿದ್ದುದು ಇನ್ನೊಂದೇ ಅವಕಾಶ. ಇದೂ ತಪ್ಪಿದರೆ ಪದವಿಯ ಆಸೆ ಬಿಡಬೇಕಿತ್ತು.

ಸೊಸೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಈ ಕಲೆಯ ಮೇಲೆ ಅವಳಿಗೆ ನಯಾಪೈಸೆ ಗೌರವವಿರಲಿಲ್ಲ. "ಇದಕ್ಕೂ ಒಂದು ಇತಿಹಾಸಾನಾ ಅತ್ತೆ? ನಮ್ಮ ಬಚ್ಚಲು ಪೈಪು ಇದಕ್ಕಿಂತ ನೆಟ್ಟಗಿದೆ" ಅನ್ನುತ್ತಿದ್ದಳು. ಹಾಗಂದರೂ ಸಂಜೆ ಬಿಡುವಾಗಲಿ ಅಂತ ಬೆಳಗಿನ ಪಾಳಿಗೆ ಬದಲಾಯಿಸಿಕೊಂಡಿದ್ದಳು. ಚಿತ್ರದ ಪುಸ್ತಕವನ್ನು ಈರುಳ್ಳಿ ಬುಟ್ಟಿಗೆ ಒರಗಿಸಿ ಪ್ರಶ್ನೆ ಕೇಳುತ್ತಿದ್ದಳು. ಅತ್ತೆ ಗಾಬರಿಯಲ್ಲಿ ಹೆಸರಿಗಾಗಿ ತಡಕಾಡಿದರೆ ಚಾಕು ಎತ್ತಿ ತಡೆಯುತ್ತಿದ್ದಳು.

"ಹೆಸರು ಆಮೇಲೆ. ಕಣ್ಣಿಗೇನು ಕಾಣ್ತಿದೆ, ಮೊದಲು ಅದನ್ನ ಹೇಳಿ. ಲ್ಯಾಬಲ್ಲಿ ನಾವು ಕಂಡಿದ್ದನ್ನಷ್ಟೇ ಬರೀತೀವಿ. ರೋಗದ ಹೆಸರು ಹೇಳೋಕೆ ಡಾಕ್ಟರಿದಾರೆ."

ಪರೀಕ್ಷೆಯ ದಿನ ಮೊದಲ ಚಿತ್ರಗಳು ಸಲೀಸಾಗಿ ಹೋದವು. ಸೊಸೆ ಬಚ್ಚಲು ಪೈಪಿಗೆ ಹೋಲಿಸಿದ್ದ ಚಿತ್ರ ಬಂದಾಗಲಂತೂ ಅತ್ತೆಗೆ ನಗು ತಡೆಯಲಾಗಲಿಲ್ಲ. ಆಮೇಲೆ ಗೋಡೆಯ ಮೇಲೆ ಬರೀ ಬಿಳಿ ಬೆಳಕು ಬಿತ್ತು. ಬರೀ ಬಿಳಿ ಬಳಿದು ತೂಗುಹಾಕಿದ ಕಲಾವಿದರ ಬಗ್ಗೆ ಅವರು ಓದಿದ್ದರು. ಇದು ಅವರಲ್ಲಿ ಯಾರದು? ಒಂದು ಹೆಸರೂ ನಾಲಿಗೆಗೆ ಬರಲಿಲ್ಲ.

ಕಣ್ಣಿಗೇನು ಕಾಣ್ತಿದೆ?

ಅತ್ತೆ ಪೆನ್ನು ಹಿಡಿದರು. ಎಡಮೂಲೆಯಿಂದ ಇಳಿದ ಸಣ್ಣ ಬಿರುಕು. ಅದರ ಕೆಳಗೆ ಯಾರ್‍ಯಾರೋ ಒರಗಿ ಒರಗಿ ಮಾಸಿದ ತಲೆಯ ಗುರುತು. ಬಿಳಿಯ ಅಡಿಯಿಂದ ಇಣುಕುವ ಹಳೆಯ ಹಸಿರು. ಈ ಕಲಾವಿದ ಇಲ್ಲಿ ಇದ್ದುಹೋದವರನ್ನು ಅಳಿಸಿಹಾಕಿಲ್ಲ ಅಂತ ಬರೆದರು. ಬರೆದಷ್ಟೂ ಕಾಣುತ್ತಿತ್ತು. ತಲೆ ತಗ್ಗಿಸಿ ಎಲ್ಲವನ್ನೂ ಬರೆದು ಮುಗಿಸುವಷ್ಟರಲ್ಲಿ ಕೊನೆಯ ಚಿತ್ರ ಬಂದು ಹೋಗಿ, ದೀಪ ಹತ್ತಿತ್ತು.

ವಿಷಯ ತಿಳಿದದ್ದು ಹೊರಗೆ ಬಂದ ಮೇಲೆ. ಚಿತ್ರ ತೋರಿಸುವ ಯಂತ್ರ ನಡುವೆ ಸ್ವಲ್ಪ ಹೊತ್ತು ಕೆಟ್ಟು, ಬರೀ ಗೋಡೆಯ ಮೇಲೆ ಬೆಳಕು ಬಿದ್ದಿತ್ತು. ಆ ಪ್ರಶ್ನೆ ರದ್ದು ಅಂತ ಪಾಠ ಮಾಡುವ ಮೇಡಂ ಎರಡು ಸಲ ಕೂಗಿ ಹೇಳಿದ್ದರಂತೆ. ಮನೆಯಲ್ಲಿ ಸದಾ ಜಾಣಕಿವುಡು ಅನ್ನಿಸಿಕೊಳ್ಳುತ್ತಿದ್ದ ಅತ್ತೆಗೆ ಅಂದು ನಿಜವಾಗಿಯೂ ಕೇಳಿಸಿರಲಿಲ್ಲ. ಬರೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅದರ ಜೊತೆಗೆ ಕೊನೆಯ ಪ್ರಶ್ನೆಯೂ ತಪ್ಪಿಹೋಗಿತ್ತು.

ಮನೆಗೆ ಬಂದು, ಸೊಸೆಯ ಮುಖ ನೋಡಲಾಗದೆ ಬಟ್ಟೆ ಮಡಚುತ್ತ ಕೂತರು.

"ಏನಾಯ್ತು ಅತ್ತೆ? ಅದೊಂದೇ ಟವೆಲನ್ನ ಎಷ್ಟು ಸಲ ಮಡಚ್ತೀರಾ?"

ಅತ್ತೆ ಎಲ್ಲವನ್ನೂ ಹೇಳಿದರು. ನಿನ್ನ ಸಂಜೆಗಳನ್ನೆಲ್ಲ ನೀರುಪಾಲು ಮಾಡಿಬಿಟ್ಟೆ ಅಂತ ಕಣ್ಣೊರೆಸಿಕೊಂಡರು. ಸೊಸೆ ನಗಲೂ ಇಲ್ಲ, ಬೈಯಲೂ ಇಲ್ಲ.

"ನನ್ನ ಸಂಜೆಗೆ ಏನಾಗಿದೆ? ದಿನವೆಲ್ಲ ಬರೀ ರಕ್ತ ನೋಡಿ ಬರೋಳು ನಾನು. ನಿಮ್ಮ ಪುಸ್ತಕದ ದೆಸೆಯಿಂದ ಸ್ವಲ್ಪ ಬೇರೆ ಬಣ್ಣನೂ ಕಂಡೆ" ಅಂದು ಟವೆಲು ಕಸಿದುಕೊಂಡಳು.

ಫಲಿತಾಂಶ ಬಂದ ದಿನ ಮೇಡಂ ಅತ್ತೆಯನ್ನು ಅದೇ ಕೋಣೆಗೆ ಕರೆಸಿದರು. ಒಬ್ಬರನ್ನೇ ಕಳಿಸಲು ಮನಸ್ಸು ಬಾರದೆ ಸೊಸೆಯೂ ಜೊತೆಗೆ ಹೋದಳು.

"ಕೂದಲೆಳೆಯಲ್ಲಿ ಪಾಸಾಗಿದ್ದೀರಮ್ಮ" ಅಂದರು ಮೇಡಂ, ಉತ್ತರಪತ್ರಿಕೆ ಮುಂದಿಡುತ್ತ. "ಮೊದಲ ಚಿತ್ರಗಳೇ ನಿಮ್ಮನ್ನ ದಡ ಹತ್ತಿಸಿದ್ದು. ರದ್ದಾದ ಪ್ರಶ್ನೆಗೆ ನಾನು ಅರ್ಧ ಅಂಕಾನೂ ಕೊಡೋ ಹಾಗಿಲ್ಲ. ಆದ್ರೆ ಇಷ್ಟು ವರ್ಷ ಈ ಗೋಡೆ ಮುಂದೆ ನಿಂತು ಪಾಠ ಮಾಡಿದೀನಿ, ಒಂದು ದಿನಾನೂ ಇದನ್ನ ನೋಡಿರ್ಲಿಲ್ಲ. ಹೀಗೆ ನೋಡೋದನ್ನ ಎಲ್ಲಿ ಕಲಿತ್ರಿ?"

"ನಮ್ಮ ಅಡುಗೆಮನೇಲಿ" ಅಂದರು ಅತ್ತೆ. "ನನ್ನ ಸೊಸೆ ಹತ್ರ."

ಅಷ್ಟು ಹೇಳುವಾಗಲೇ ಪಾಸಾದ ಸಂತೋಷ ಎಲ್ಲೋ ಹಿಂದೆ ಉಳಿಯಿತು. ಈ ವಯಸ್ಸಿನಲ್ಲಿ ಎದುರು ಕೂರಿಸಿಕೊಂಡು ಕಲಿಸುವವಳೊಬ್ಬಳು ತನ್ನ ಮನೆಗೆ ಬಂದಳಲ್ಲ, ಯಾವ ಜನ್ಮದ ಪುಣ್ಯವೋ ಅನ್ನಿಸಿತು. ಇಷ್ಟು ದಿನ ಇದನ್ನು ಅವಳಿಗೆ ಒಂದು ಸಲವೂ ಹೇಳಿರಲಿಲ್ಲ. ಈಗಲಾದರೂ ಹೇಳೋಣವೆಂದು ತಿರುಗಿದರೆ ಸೊಸೆ ಪಕ್ಕದಲ್ಲಿರಲಿಲ್ಲ.

ಅವಳು ಉತ್ತರಪತ್ರಿಕೆ ಹಿಡಿದು ಗೋಡೆಯ ಮುಂದೆ ನಿಂತಿದ್ದಳು. ಬಿರುಕಿನ ಮೇಲೆ ಬೆರಳಾಡಿಸಿದಳು. ತಲೆಯ ಗುರುತನ್ನು ಕಂಡಳು. ಹಸಿರನ್ನು ಹುಡುಕಲು ಕನ್ನಡಕ ಸರಿಮಾಡಿಕೊಂಡು ಮೂಗು ತಾಗುವಷ್ಟು ಹತ್ತಿರ ಹೋದಳು. ಬಚ್ಚಲು ಪೈಪು ಅಂತ ಆಡಿಕೊಳ್ಳುತ್ತಿದ್ದವಳು ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ.

"ಅತ್ತೆ" ಅಂದಳು ಕೊನೆಗೆ, ಹಿಂದೆ ತಿರುಗದೆ. "ಇಲ್ಲೊಂದು ಮೊಳೆ ಕಿತ್ತ ತೂತಿದೆ. ನೀವು ಬರೆದಿಲ್ಲ."

ಅತ್ತೆ ಕಣ್ಣೊರೆಸಿಕೊಂಡು ಅವಳ ಪಕ್ಕಕ್ಕೆ ಹೋಗಿ ನಿಂತರು.

"ಎಲ್ಲಿ, ತೋರಿಸು" ಅಂದರು.