ನಮ್ಮ ಮನೆಗೆ ಆಗದ ವಾಸನೆ

“ಮೊದಲು ಟಿವಿ ಸೌಂಡ್ ಜಾಸ್ತಿ ಮಾಡು” ಎಂದ ಕೊಟ್ರಪ್ಪ.

ಲಕ್ಷ್ಮಿ ರಿಮೋಟ್ ಒತ್ತಿದಳು. ಧಾರಾವಾಹಿಯ ಅತ್ತೆಯೊಬ್ಬಳು ಮನೆತುಂಬ ಕಿರುಚಲು ಶುರುಮಾಡಿದ ಮೇಲೆ ಗಂಡ ಹೆಂಡತಿ ಎದುರುಬದುರು ಕೂತರು. ಬಸವೇಶ್ವರನಗರದ ಆ ಮಹಡಿ ಮನೆಯಲ್ಲಿ ಬಾಡಿನ ಮಾತು ಆಡಬೇಕಾದರೆ ಇದೇ ಕ್ರಮ. ಕೆಳಗೆ ಓನರ್ ಜಗದಾಂಬಾ ಇದ್ದರು, ಮತ್ತು ಅವರ ಕಿವಿ ಚುರುಕಾಗಿತ್ತು.

“ರೀ, ಬಾರ್ಬೆಕ್ಯೂ ಅಂದ್ರೆ ಕೆಂಗೇರೀದೇ ಬೆಸ್ಟು. ಅವ್ನು ಇದ್ದಿಲಲ್ಲಿ ಸುಡ್ತಾನೆ. ನಿಮ್ಮ ವಿಜಯನಗರದೋನು ಒಳಗಡೆ ಗ್ಯಾಸಲ್ಲಿ ಬೇಯಿಸ್ಕೊಂಡು ಬಂದು ಹೊಗೆ ತೋರಿಸ್ತಾನೆ ಅಷ್ಟೇ” ಎಂದಳು ಲಕ್ಷ್ಮಿ. ಅವಳು ಕೆಂಗೇರಿಯಲ್ಲೇ ಹುಟ್ಟಿ ಬೆಳೆದವಳು. ತವರಿನ ಕೋಳಿಗೂ ತವರಿನ ಮರ್ಯಾದೆಯೇ.

“ಯಾರೇ ಹೇಳಿದ್ದು ನಿಂಗೆ? ಟೇಬಲ್ ಮಧ್ಯಾನೇ ಕೆಂಡ ತಂದಿಡ್ತಾರೆ. ನಮ್ಮ ಫ್ಯಾಕ್ಟರೀಲಿ ಯಾರನ್ನಾದ್ರೂ ಕೇಳು.”

“ನಾಗರಬಾವಿ! ಅಲ್ಲಿ ಐಸ್‌ಕ್ರೀಮು ಎಷ್ಟು ಬೇಕಾದ್ರೂ ತಿನ್ನಬಹುದು” ಎಂದು ಮಗಳು ಇಂಚರಾ ಕೂಗಿದಳು. ಅಪ್ಪ ಅಮ್ಮ ಇಬ್ಬರೂ ಒಟ್ಟಿಗೇ ಅವಳ ಬಾಯಿಗೆ ಕೈ ಅಡ್ಡ ಹಿಡಿದರು.

ಈ ವಿಷಯದಲ್ಲಿ ಕೊಟ್ರಪ್ಪನನ್ನು ಸೋಲಿಸುವುದು ಸುಲಭವಲ್ಲ. ರಾಜಾಜಿನಗರದ ಕಾರ್ಖಾನೆಯಲ್ಲಿ ಅವನು ಸೂಪರ್‌ವೈಸರ್. ಯಾರದ್ದೇ ಪಾರ್ಟಿಯಿರಲಿ, ಎಲ್ಲಿ ತಿನ್ನಬೇಕು ಎಂಬ ತಗಾದೆ ಎದ್ದರೆ ‘ಕೊಟ್ರಪ್ಪಣ್ಣನ್ನ ಕೇಳ್ರೋ’ ಎನ್ನುತ್ತಿದ್ದರು. ಯಾವ ಅಂಗಡಿಯಲ್ಲಿ ಮಸಾಲೆ ಒಳಗಿನ ತನಕ ಇಳಿದಿರುತ್ತದೆ, ಯಾವನು ಬರೀ ಬಣ್ಣ ಬಳಿದು ಕಳಿಸುತ್ತಾನೆ ಎಂದು ಮೂಗಿನಲ್ಲೇ ಹೇಳುತ್ತಿದ್ದ.

ಆ ಮೂಗು ಅವನಿಗೆ ಅವ್ವನಿಂದ ಬಂದಿತ್ತು. ಹನುಮಕ್ಕ ಊರಿಂದ ಬಂದು ಮೂರು ದಿನವಾಗಿತ್ತು. ಗೋಡೆಗೆ ಒರಗಿ ಕಾಲು ಚಾಚಿಕೊಂಡು ಇವರ ಜಗಳ ನೋಡಿ ನಗುತ್ತಿದ್ದಳು.

“ಇಷ್ಟಕ್ಕೆಲ್ಲ ಪಂಚಾಯ್ತಿ ಯಾಕ? ನಾಕು ಕೆಂಡ ಕೊಡ್ರಿ, ಮಾಳಿಗಿ ಮ್ಯಾಲ ನಾನ ಸುಟ್ಟು ಕೊಡ್ತೀನಿ.”

“ಯವ್ವಾ, ಮೆಲ್ಲಕ!” ಎಂದು ಕೊಟ್ರಪ್ಪ ಗಾಬರಿಯಾದ. “ಇಲ್ಲಿ ಹೊಗಿ ಎಬ್ಬಿಸಂಗಿಲ್ಲ. ಸಂಜೀಕ ಹೋಗೂಣು. ಮೇಜಿನ ಮ್ಯಾಲ ಕೆಂಡ ಇಡೋ ಹೋಟ್ಲು ತೋರಿಸ್ತೀನಿ ಅಂದಿದ್ನಲ್ಲ.”

“ಅದನ್ನ ನೋಡಾಕ ಬಂದೀನಿ ನಾನು. ಮೇಜು ಹೆಂಗ ಸುಡಂಗಿಲ್ಲ ಅಂತ” ಎಂದಳು ಹನುಮಕ್ಕ.

ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದಿನ ಮಟನ್ ಅಂಗಡಿಯ ಪಕ್ಕ ಹನುಮಕ್ಕನ ಒಲೆ ಇತ್ತು. ಜನ ಕೊಂಡು ತಂದ ಕುರಿಯ ತಲೆಕಾಲನ್ನು ಕೆಂಡದ ಮೇಲೆ ಹಿಡಿದು, ಕೂದಲು ಸುಟ್ಟು, ಹೆರೆದು, ತೊಳೆದು ಕೊಡುವುದು ಅವಳ ಕೆಲಸ. ಗಂಡ ಸತ್ತ ಮೇಲೆ ಅದೇ ಒಲೆ ಮನೆ ನಡೆಸಿತು, ಮಗನ ಐಟಿಐ ಮುಗಿಸಿತು. ಗಿರಾಕಿ ಕಡಿಮೆಯಾದ ಹೊತ್ತಿನಲ್ಲಿ ಒಂದು ಚೂರು ಕಲೀಜ ಕೆಂಡದಲ್ಲಿ ಸುಟ್ಟು, ಉಪ್ಪು ಉಜ್ಜಿ, ಉಫ್ ಉಫ್ ಎಂದು ಊದಿ ಮಗನ ಬಾಯಿಗಿಡುತ್ತಿದ್ದಳು. ಈಗ ಮೊಣಕಾಲು ನೋವು, ಒಲೆ ಬಿಟ್ಟಿದ್ದಳು. ಬಾಯಿಯ ಚಪಲ ಮಾತ್ರ ಬಿಟ್ಟಿರಲಿಲ್ಲ. ಭಾನುವಾರ ಖಂಡ ಇಲ್ಲದಿದ್ದರೆ ಊಟವೇ ಅಲ್ಲ ಎನ್ನುವ ಹೆಂಗಸು.

ಇದ್ಯಾವುದೂ ಕೆಳಗಿನ ಮನೆಗೆ ಗೊತ್ತಿರಲಿಲ್ಲ. ಮೊದಲು ಇವರು ಕುರುಬರಹಳ್ಳಿಯಲ್ಲಿದ್ದರು. ಅಲ್ಲಿನ ಓನರ್ ಒಂದು ದಿನ ಕುಕ್ಕರಿನ ವಾಸನೆ ಹಿಡಿದು ಮೇಲೆ ಬಂದು ಮನೆ ಖಾಲಿ ಮಾಡಿಸಿದ್ದ. ಆಮೇಲೆ ನೋಡಿದ ಮನೆಗಳಲ್ಲೆಲ್ಲ ಗೇಟಿನಲ್ಲೇ ‘ವೆಜ್ಜಾ?’ ಎಂಬ ಪ್ರಶ್ನೆ. ದಾವಣಗೆರೆ ಕಡೆಯ ಲಿಂಗಾಯತರಾದ ಜಗದಾಂಬಾ ಒಬ್ಬರೇ ಅದನ್ನು ಕೇಳಲಿಲ್ಲ. ಹೆಸರು ಕೇಳಿದರು, ಊರು ಕೇಳಿದರು, ‘ಕೊಟ್ರಪ್ಪ ಅಂದ್ಮೇಲೆ ನಮ್ಮವರೇ ಬಿಡು’ ಎಂದು ತಾವೇ ತೀರ್ಮಾನಿಸಿದರು. ಆ ಸೀಮೆಯಲ್ಲಿ ಕೊಟ್ಟೂರು ಸ್ವಾಮಿಗೆ ಹರಕೆ ಹೊತ್ತು ಹುಟ್ಟಿದ ಗಂಡುಮಗು ಯಾವ ಜಾತಿಯದಾದರೂ ಕೊಟ್ರಪ್ಪನೇ. ಅದನ್ನು ಬಾಯಿಬಿಟ್ಟು ಹೇಳಬೇಕಾಗಿದ್ದವನು ಸುಮ್ಮನೆ ತಲೆಯಾಡಿಸಿದ.

ಒಮ್ಮೆ ಆಡಿಸಿದ ತಲೆಯನ್ನು ಆಮೇಲೆ ನಿಲ್ಲಿಸುವುದು ಹೇಗೆ? ಜಗದಾಂಬಾ ಒಳ್ಳೆಯವರು. ಇಂಚರಾ ಶಾಲೆಯಿಂದ ಬಂದರೆ ಅವರ ಮನೆಯಲ್ಲೇ ಹಾಲು, ಹೋಮ್‌ವರ್ಕು. ಶಾಲೆ ಎರಡು ರಸ್ತೆಯಾಚೆ. ಇಂಥ ಮನೆ ಕೈತಪ್ಪಿದರೆ ಮತ್ತೆ ಸಿಕ್ಕುವುದಿಲ್ಲ. ಆದ್ದರಿಂದ ಮನೆಯಲ್ಲಿ ಬೇಯಿಸುವುದು ನಿಂತಿತು. ತಿನ್ನುವುದೆಲ್ಲ ಹೊರಗೆ, ಮೆಟ್ಟಿಲು ಹತ್ತುವ ಮುಂಚೆ ಎಲ್ಲರ ಬಾಯಿಗೂ ಏಲಕ್ಕಿ. ‘ಅತ್ತೆಗೆ ಮೊದಲೇ ಒಂದು ಮಾತು ಹೇಳಿಬಿಡ್ರೀ’ ಎಂದು ಲಕ್ಷ್ಮಿ ಹೇಳಿದ್ದಳು. ಹೇಳ್ತೀನಿ ಬಿಡು ಎಂದಿದ್ದ, ಹೇಳಿರಲಿಲ್ಲ. ಅವ್ವನೆದುರು ಅದನ್ನು ಯಾವ ಬಾಯಿಂದ ಹೇಳುವುದೆಂದೇ ತೋಚಿರಲಿಲ್ಲ.

“ಕೊಟ್ರಪ್ಪಾ, ನಿಮ್ಮ ತಾಯೀನ ಕರ್ಕೊಂಡು ಬಾರಪ್ಪ, ಕಾಫಿ ಮಾಡಿದೀನಿ” ಎಂದು ಕೆಳಗಿನಿಂದ ಕೂಗು ಬಂತು.

ಕೆಳಗೆ ಹಾಲ್‌ನಲ್ಲಿ ಜಗದಾಂಬಾರ ತಮ್ಮನ ಮಗ ಗೌತಮ್ ಸೋಫಾದ ಮೇಲೆ ಕಾಲು ಮಡಚಿ ಕೂತು ಫೋನಿನಲ್ಲಿ ವಾದಿಸುತ್ತಿದ್ದ. ಹುಡುಗನಿಗೆ ಹೊಸ ಕೆಲಸ ಸಿಕ್ಕಿತ್ತು, ಗೆಳೆಯರಿಗೆ ಪಾರ್ಟಿ ಕೊಡಬೇಕಿತ್ತು.

“ಇಲ್ಲ ಮಗಾ, ವಿಜಯನಗರದ್ದು ವೇಸ್ಟು. ಫಿಶ್ ಚೆನ್ನಾಗಿರಲ್ಲ. ರಾಜಾಜಿನಗರಕ್ಕೇ ಹೋಗಣ. ಗುರು, ನನ್ ಮಾತು ಕೇಳು…”

ಕೊಟ್ರಪ್ಪನ ನಾಲಿಗೆ ತುರಿಸಿತು. ವಿಜಯನಗರದಲ್ಲಿ ಫಿಶ್ ತಿನ್ನುವವನು ಪೆದ್ದ, ಅಲ್ಲಿ ತಿನ್ನಬೇಕಾದದ್ದು ಮಟನ್. ಕಾಫಿ ಲೋಟ ಹಿಡಿದು ತೆಪ್ಪಗೆ ಕೂತ. ಹನುಮಕ್ಕ ಪಕ್ಕದ ಕುರ್ಚಿಯ ತುದಿಯಲ್ಲಿ ಸೆರಗು ಹೊದ್ದು ಕೂತಿದ್ದಳು.

ಗೌತಮ್ ಫೋನಿಗೆ ಕೈ ಅಡ್ಡ ಹಿಡಿದು, “ಅಣ್ಣಾ, ನೀವೇ ಹೇಳಿ, ಈ ಕಡೆ ಬೆಸ್ಟ್ ಬಾರ್ಬೆಕ್ಯೂ ಎಲ್ಲಿ?” ಎಂದ.

“ಥೂ, ಯಾರನ್ನ ಏನು ಕೇಳ್ತೀಯೋ!” ಎಂದು ಜಗದಾಂಬಾ ಗದರಿದರು. “ನೀನು ಕುಲಗೆಟ್ಟಿದೀಯ ಅಂತ ಎಲ್ಲರೂ ಕೆಟ್ಟಿದಾರಾ?”

“ಸಾರಿ ಅಣ್ಣಾ, ಗೊತ್ತಿರಲಿಲ್ಲ” ಎಂದು ಹುಡುಗ ನಾಲಿಗೆ ಕಚ್ಚಿಕೊಂಡ.

ಮಾತು ಅಲ್ಲಿಗೇ ಮುಗಿದಿತ್ತು. ಒಂದು ನಗೆ ನಕ್ಕಿದ್ದರೆ ಸಾಕಿತ್ತು. ಆದರೆ ಎರಡು ವರ್ಷ ಸುಳ್ಳನ್ನು ಸಾಕಿದವನಿಗೆ ಅದಕ್ಕೆ ಹೊತ್ತುಹೊತ್ತಿಗೆ ಮೇವು ಹಾಕುವ ಚಟ ಬಂದಿರುತ್ತದೆ.

“ಪರವಾಗಿಲ್ಲ ಬಿಡಪ್ಪ” ಎಂದ ಕೊಟ್ರಪ್ಪ. “ನಮಗದೆಲ್ಲ ಗೊತ್ತಿಲ್ಲ. ರೋಡಲ್ಲಿ ಹೋಗ್ತಾ ಆ ಸುಟ್ಟ ವಾಸನೆ ಬಂದ್ರೇನೇ ಮೂಗು ಮುಚ್ಕೋತೀವಿ. ನಮ್ಮನೇಲಿ ಯಾರಿಗೂ ಆಗಲ್ಲಮ್ಮ. ಅದನ್ನ ಸುಡೋರ ಪಕ್ಕ ನಿಲ್ಲೋಕೂ ಆಗಲ್ಲ, ಹೊಟ್ಟೆ ತೊಳಸುತ್ತೆ.”

ಕೊನೆಯ ಮಾತು ಬಾಯಿಂದ ಹೊರಬೀಳುವಾಗಲೇ ಪಕ್ಕದಲ್ಲಿ ಯಾರು ಕೂತಿದ್ದಾರೆಂಬುದು ಅವನಿಗೆ ಹೊಳೆಯಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಅವ್ವನ ಕೈ ಮಾತ್ರ ಕಾಣಿಸಿತು. ಬೆಂದು ಬೆಂದು ಉಗುರಿನ ಬುಡ ಕಪ್ಪಾಗಿದ್ದ ಬೆರಳುಗಳು ಸ್ಟೀಲ್ ಲೋಟವನ್ನು ಬಿಗಿಯಾಗಿ ಹಿಡಿದಿದ್ದವು.

“ನೋಡ್ರೀ, ಎಂಥಾ ಮಗನ್ನ ಹೆತ್ತಿದೀರಿ” ಎಂದು ಜಗದಾಂಬಾ ಮುಖ ಅರಳಿಸಿ ಹನುಮಕ್ಕನ ಕಡೆ ತಿರುಗಿದರು. “ಬೆಂಗಳೂರಿಗೆ ಬಂದ್ರೂ ಕೆಡಲಿಲ್ಲ. ನಿಮ್ಮ ಮನೇಲಿ ಮೊದಲಿಂದ್ಲೂ ಹಿಂಗೇನಾ?”

ಹನುಮಕ್ಕ ಲೋಟವನ್ನು ಕೆಳಗಿಟ್ಟಳು. ಕೊಟ್ರಪ್ಪ ನೆಲ ನೋಡುತ್ತಿದ್ದ. ಅವ್ವ ನಿಜ ಹೇಳಿಬಿಟ್ಟರೆ ಮನೆ ಹೋಯಿತು ಎನ್ನುವ ಭಯ ಒಂದು ಕಡೆ. ಹೇಳಿಬಿಡಲಿ, ಎಲ್ಲ ಮುಗಿದುಹೋಗಲಿ ಎನ್ನುವ ಆಸೆ ಇನ್ನೊಂದು ಕಡೆ.

“ಹೂನ್ರೀ ತಾಯಿ” ಎಂದಳು ಹನುಮಕ್ಕ. “ನಾನು ಅದನ್ನ ಮುಟ್ಟಂಗಿಲ್ಲ.”

ಜಗದಾಂಬಾರಿಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ದೇವರ ಕೋಣೆಗೆ ಹೋಗಿ ವಿಭೂತಿಯ ಗಟ್ಟಿ ತಂದರು. ತಮ್ಮ ಕೈಯಾರೆ ಹನುಮಕ್ಕನ ಹಣೆಗೆ ಹಚ್ಚಿದರು. ಹನುಮಕ್ಕ ಎದ್ದು ನಿಂತು, ತಲೆ ಬಾಗಿಸಿ, ಕಣ್ಣು ಮುಚ್ಚಿ ಹಚ್ಚಿಸಿಕೊಂಡಳು. ಹಚ್ಚಿ ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು.

ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಮುಂದೆ ಅವ್ವ, ಹಿಂದೆ ಮಗ. “ಯವ್ವಾ, ಮನಿ ಸಲುವಾಗಿ…” ಎಂದು ಶುರುಮಾಡಿದ.

“ಗೊತ್ತಾತು ಬಿಡು” ಎಂದಳು ಅವಳು, ತಿರುಗದೆ.

ವಿಷಯ ತಿಳಿದ ಲಕ್ಷ್ಮಿ, “ನಿಮ್ಮ ನಾಲಿಗೆಗೇನು ಬಂದಿತ್ತು?” ಎಂದಷ್ಟೇ ಕೇಳಿ ಅಡುಗೆಮನೆಗೆ ಹೋದಳು. ಬೈದಿದ್ದರೆ ಹಗುರವಾಗುತ್ತಿತ್ತು. ಹನುಮಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಕೊಟ್ರಪ್ಪ ತಾರಸಿಗೆ ಹೋಗಿ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತ. ಬೇರೆ ಏನನ್ನಾದರೂ ಹೇಳಬಹುದಿತ್ತು. ಡಾಕ್ಟರು ಬೇಡ ಅಂದಿದ್ದಾರೆ ಎನ್ನಬಹುದಿತ್ತು. ಸುಡೋರ ಪಕ್ಕ ನಿಲ್ಲೋಕೂ ಆಗಲ್ಲ ಎಂದು ಹೇಳು ಅಂತ ಯಾರೂ ಅವನನ್ನು ಬಲವಂತ ಮಾಡಿರಲಿಲ್ಲ. ಶಾಲೆಯಿಂದ ಬಂದು ಆ ಒಲೆಯ ಪಕ್ಕದಲ್ಲೇ ಕೂತು ಮಗ್ಗಿ ಬರೆದವನು ಅವನು, ಅಲ್ಲೇ ನಿದ್ದೆ ಹೋದವನು. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಮಗಳು ಊಟಕ್ಕೆ ಕರೆಯಲು ಬಂದಾಗ ಅವಳ ಮುಖ ನೋಡುವುದಕ್ಕೂ ಕಷ್ಟವಾಯಿತು.

ಸಂಜೆ ಅವ್ವನಿಗೆ ಹೊಟ್ಟೆತುಂಬ ತಿನ್ನಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡ, ಹುಂಬ. ಎಲ್ಲಿಗೆ ಎಂಬ ವಾದ ಮತ್ತೆ ಏಳಲಿಲ್ಲ. ಲಕ್ಷ್ಮಿ ಕೆಂಗೇರಿಯ ಹೆಸರೆತ್ತಲಿಲ್ಲ, ಆಟೋ ಹತ್ತುವಾಗ “ವಿಜಯನಗರ” ಎಂದು ಅವಳೇ ಹೇಳಿದಳು. ಹನುಮಕ್ಕ ಬರಲೊಲ್ಲೆ ಎನ್ನಲಿಲ್ಲ. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟುಕೊಂಡು ಬಂದಳು.

ಹೋಟೆಲಿನವನು ಮೇಜಿನ ನಡುವಿನ ಗುಂಡಿಗೆ ಕೆಂಡದ ತಟ್ಟೆ ಇಳಿಸಿದಾಗ ಅವಳು ಬಗ್ಗಿ ಮೇಜಿನಡಿ ನೋಡಿದಳು. “ಕೆಳಗ ತಗಡು ಹಾಕ್ಯಾರ” ಎಂದು ಮೊಮ್ಮಗಳಿಗೆ ತೋರಿಸಿದಳು. ಕೊಟ್ರಪ್ಪನ ಎದೆ ಸ್ವಲ್ಪ ಹಗುರಾಯಿತು.

“ಸಾರ್, ವೆಜ್ಜಾ ನಾನ್‌ವೆಜ್ಜಾ?”

“ಎಲ್ಲರಿಗೂ ನಾನ್‌ವೆಜ್. ಮಟನ್ ಮೊದಲು ತನ್ನಿ.”

“ನನಗ ಬ್ಯಾಡಪ್ಪ” ಎಂದಳು ಹನುಮಕ್ಕ. “ಮೊಸರನ್ನ ಇದ್ರ ಕೊಡು.”

ಹೋಟೆಲಿನವನು ಕೊಟ್ರಪ್ಪನ ಮುಖ ನೋಡಿದ. ಕೊಟ್ರಪ್ಪ ಅವ್ವನ ಮುಖ ನೋಡಿದ. “ಯವ್ವಾ, ತಪ್ಪಾತು. ನನ್ನ ಮ್ಯಾಲಿನ ಸಿಟ್ಟು ಊಟದ ಮ್ಯಾಲ ಯಾಕ?”

“ಸಿಟ್ಟಿಲ್ಲೋ ತಮ್ಮಾ” ಎಂದಳು. ಸಿಟ್ಟು ನಿಜವಾಗಿಯೂ ಇರಲಿಲ್ಲ, ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. “ಆ ತಾಯಿ ಮುಂದ ಮುಟ್ಟಂಗಿಲ್ಲ ಅಂದೀನಿ. ಆಕಿ ನಂಬಿ ಈಬತ್ತಿ ಹಚ್ಚಿದ್ಲು. ಹಚ್ಚಿಸ್ಕೊಂಡು ಬಂದು ಇಲ್ಲಿ ಕುಂತು ಹೆಂಗ ತಿನ್ನಲಿ?”

“ನಾಳೆ ಅವರಿಗೆ ಎಲ್ಲ ಹೇಳಿಬಿಡ್ತೀನಿ. ನೀನು ತಿನ್ನು.”

“ಹೇಳಿ? ಕೂಸಿನ ಸಾಲಿ ಏನ್ಮಾಡ್ತಿ? ಮನಿ ಎಲ್ಲಿ ಹುಡುಕ್ತಿ?” ಹನುಮಕ್ಕ ನೀರಿನ ಲೋಟವನ್ನು ಅವನ ಕಡೆ ಸರಿಸಿದಳು. “ನೀ ಆಡಿದ್ದಂತೂ ಸುಳ್ಳು. ನಂದೂ ಸುಳ್ಳಾದ್ರ ಹೆಂಗ? ಒಬ್ಬರದಾದ್ರೂ ಖರೇ ಆಗ್ಲಿ.”

“ಎಷ್ಟು ದಿನ ಅಂತ?”

“ದಿನ ಅಂದ್ರ? ಇರೋತನಕ” ಎಂದಳು ಅವಳು, ನಾಳೆ ಬಸ್ಸೆಷ್ಟು ಹೊತ್ತಿಗೆ ಎಂದು ಕೇಳಿದರೆ ಹೇಳುವಷ್ಟು ಸಲೀಸಾಗಿ.

ಲಕ್ಷ್ಮಿ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಅಷ್ಟರಲ್ಲಿ ಮಟನ್ ಚುಚ್ಚಿದ ಕಡ್ಡಿಗಳು ಬಂದು ಕೆಂಡದ ಮೇಲೆ ಕೂತವು. ಕೊಬ್ಬು ತೊಟ್ಟಿಕ್ಕಿ ಚುರ್ ಎಂದಿತು, ಹೊಗೆ ಎದ್ದಿತು, ವಾಸನೆ ಬಂತು. ಹನುಮಕ್ಕನ ಮೂಗಿನ ಹೊಳ್ಳೆ ಅರಳಿದ್ದನ್ನು ಕೊಟ್ರಪ್ಪ ಕಂಡ. ಗಂಟಲಲ್ಲಿ ಎಂಜಲು ನುಂಗಿದ್ದನ್ನೂ ಕಂಡ.

ಕಡ್ಡಿಗಳನ್ನು ಯಾರೂ ಮುಟ್ಟಲಿಲ್ಲ. “ಹೊತ್ತೀತು. ತಿನ್ನಂಗಿಲ್ಲ ಅಂದ್ರ ಸುಡಬಾರ್ದೇನು?” ಎಂದು ಕೊನೆಗೆ ಅವಳೇ ಕೈ ಚಾಚಿ ಒಂದೊಂದನ್ನೇ ಮಗ್ಗುಲು ಬದಲಿಸಿದಳು. ಬೆಂದದ್ದನ್ನು ತೆಗೆದು ಮೊಮ್ಮಗಳಿಗೆ, ಸೊಸೆಗೆ ಕೊಟ್ಟಳು. ಮಗನ ಪಾಲಿನ ತುಂಡನ್ನು ಬೆರಳಲ್ಲೇ ಕಡ್ಡಿಯಿಂದ ಬಿಡಿಸಿ, ಉಫ್ ಎಂದು ಊದಿ, ತಟ್ಟೆಯಲ್ಲಿಟ್ಟಳು.

“ತಿನ್ನು. ಆರಿದ್ರ ಚಲೋ ಇರಂಗಿಲ್ಲ.”

ಅವನು ಬಾಯಿಗಿಟ್ಟುಕೊಂಡ. ಅಗಿದ, ಅಗಿಯುತ್ತಲೇ ಇದ್ದ.

“ಹೆಂಗೈತಿ? ನಿನ್ನ ಹೇಂತಿ ಊರಂದು ಚಲೋನೋ, ಇದಾ ಚಲೋನೋ?” ಎಂದು ಹನುಮಕ್ಕ ನಿಜವಾಗಿಯೂ ತಿಳಿಯುವ ಆಸೆಯಿಂದ ಕೇಳಿದಳು.

ರಾಜಾಜಿನಗರದಿಂದ ಕೆಂಗೇರಿಯವರೆಗೆ ಎಲ್ಲರ ತಗಾದೆ ತೀರಿಸುವ ಕೊಟ್ರಪ್ಪ ಹೆಂಡತಿಯ ಕಡೆ ನೋಡಿದ. ಹೋಟೆಲಿನವನು ಮೊಸರನ್ನದ ಬಟ್ಟಲು ತಂದಿಟ್ಟ. ಹನುಮಕ್ಕ ಕಾಗದದ ಕರವಸ್ತ್ರ ತೆಗೆದುಕೊಂಡು, ಬೆರಳಿಗೆ ಹತ್ತಿದ್ದ ಜಿಡ್ಡನ್ನು ಉಗುರಿನ ಸಂದಿಯ ತನಕ ಒರೆಸಿ ಒರೆಸಿ ತೆಗೆದು, ಆಮೇಲೆ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು.