ಕಲಶದ ನೀರು

ಆರಾಧನಾ ಚಿಕ್ಕವಳಿದ್ದಾಗ ಅಪ್ಪ ಬದರೀನಾರಾಯಣರು ಒಂದು ಮಾತು ಕೊಟ್ಟಿದ್ದರು: "ತಪ್ಪು ಮಾಡಿದ್ರೆ ನಾನೇ ಮಾಡಿದ್ದು ಅಂತ ಹೇಳ್ಬಿಡು, ಬೈಯಲ್ಲ. ನಾನು ಮಾಡಿದ್ರೂ ಹಾಗೇ ಹೇಳ್ತೀನಿ."

2008ರ ಹೊತ್ತಿಗೆ ಅವಳು ಇಂಜಿನಿಯರಿಂಗ್ ಓದುತ್ತಿದ್ದಳು. ಗವಿಪುರಂನ ಮನೆಯಲ್ಲಿ ಅವಳೇ ಜೋಡಿಸಿದ ಕಂಪ್ಯೂಟರಿನ ಪ್ರೊಸೆಸರ್ ನಿಗದಿಗಿಂತ ಜಾಸ್ತಿ ವೇಗದಲ್ಲಿ ಓಡುತ್ತಿತ್ತು. ಅದನ್ನು ತಣ್ಣಗಿಡಲು ಕೊಳವೆಗಳಲ್ಲಿ ನೀರು ಸುತ್ತುತ್ತಿತ್ತು. ಆಯುಧಪೂಜೆ ಕಳೆದಾಗಿನಿಂದ ಶಾಖ ತೊಂಬತ್ತು ಡಿಗ್ರಿ ಮುಟ್ಟಿ ಮಷಿನ್ನು ತಾನೇ ಆರಿಹೋಗುತ್ತಿತ್ತು. ಫ್ಯಾನು, ಪಂಪು ಎಲ್ಲ ನೋಡಿ, ಕೊನೆಗೆ ಪ್ರೊಸೆಸರ್ ಮೇಲೆ ಕೂರುವ, ಒಳಗೆ ನೀರು ಹಾಯುವ ತಾಮ್ರದ ಬಿಲ್ಲೆ ಬಿಚ್ಚಿದಳು. ಅದರ ಸಂದುಗಳ ತುಂಬ ಅರಿಶಿನದ ಕೆಸರು.

"ಅಜ್ಜೀ! ಕಲಶದ ನೀರು ಇದಕ್ಕೂ ಕುಡಿಸಿದ್ಯಾ?"

ಕುಡಿಸಿದ್ದು ಬದರೀನಾರಾಯಣರು. ಪೂಜೆಯ ನೀರು ಚೆಲ್ಲಲು ಮನಸ್ಸು ಬಾರದೆ, ಒಳ್ಳೆಯದಾಗಲೆಂದು ಅವರೇ ಕಂಪ್ಯೂಟರಿಗೆ ನೀರು ತುಂಬುವ ಡಬ್ಬಿಯ ಮುಚ್ಚಳ ತೆಗೆದು ಸುರಿದಿದ್ದರು.

ಅವರ ತಾಯಿ ಅಂಬುಜಮ್ಮ ಇತ್ತೀಚೆಗೆ ಒಲೆ ಆರಿಸುವುದನ್ನೂ ಮರೆಯುತ್ತಿದ್ದರು. ಮೊಮ್ಮಗಳ ಮಾತಿಗೆ ಮುಖ ಬಿಳಿಚಿತು. "ನಾನೇ ಹಾಕಿದ್ನೇನೋ ಪುಟ್ಟಾ. ಜ್ಞಾಪಕವೇ ಇಲ್ವಲ್ಲೇ. ಇನ್ನೇನೇನು ಮಾಡಿದೀನೋ!" ಎಂದು ಮಗನ ಕಡೆ ನೋಡಿದರು.

"ಹೋಗ್ಲಿ ಬಿಡಮ್ಮ, ವಯಸ್ಸಾಯ್ತು," ಎಂದರು ಬದರೀನಾರಾಯಣರು.

ಕೊಟ್ಟ ಮಾತನ್ನು ಅವರು ಉಳಿಸಿಕೊಳ್ಳಲಿಲ್ಲ.